ತಾರ್ಕೊವ್‌ಸ್ಕಿ ನೋಡ್ತಾ ನಿದ್ದೆ ಬಂತು. ಹಳೇ ಯುರೋಪಿಯನ್ ಸಿನಿಮಾ ಎಲ್ಲಿಂದ ಶುರು ಮಾಡಲಿ?

ಇಂಟರ್‌ವಲ್ ಬೋಂಡಾ
ಎಲ್ಲರಿಗೂ ನಮಸ್ಕಾರ. ಇಲ್ಲಿನ ಹಳಬರು ಬರೆಯೋದನ್ನ ಓದಿ ಓದಿ ಹುಮ್ಮಸ್ಸು ಬಂದು ರಷ್ಯನ್ ನಿರ್ದೇಶಕ ತಾರ್ಕೊವ್‌ಸ್ಕಿಯ 'ನೊಸ್ಟಾಲ್ಜಿಯಾ' (1983) ಹಾಕ್ಕೊಂಡು ಕೂತೆ. ಅರ್ಧಕ್ಕೇ ನಿದ್ದೆ. ಮಾರನೇ ದಿನ ಹಠ ಹಿಡಿದು ಮುಗಿಸಿದೆ. ಕೊನೇಲಿ ಒಬ್ಬ ಮನುಷ್ಯ ನೀರು ಖಾಲಿ ಮಾಡಿದ ಕೊಳದಲ್ಲಿ ಮೇಣದಬತ್ತಿ ಹಿಡ್ಕೊಂಡು ಈ ಗೋಡೆಯಿಂದ ಆ ಗೋಡೆಗೆ ನಡೀತಾನೆ. ಬತ್ತಿ ಆರತ್ತೆ. ವಾಪಸ್ ಬಂದು ಹಚ್ಚಿ ಮತ್ತೆ ಹೊರಡ್ತಾನೆ. ಮತ್ತೆ ಆರತ್ತೆ. ಮತ್ತೆ ವಾಪಸ್. ಹತ್ತತ್ರ ಒಂಬತ್ತು ನಿಮಿಷ, ಒಂದೇ ಶಾಟು!

ಬೈಯೋಕೆ ಕೇಳ್ತಿಲ್ಲ, ನಿಜವಾಗಲೂ ಕೇಳ್ತಿದೀನಿ. ಇದರಲ್ಲಿ ನೀವೆಲ್ಲ ಏನು ನೋಡ್ತೀರಿ? ಬರ್ಗ್‌ಮನ್, ಬ್ರೆಸ್ಸಾನ್, ಆಂಟೋನಿಯೋನಿ, ಫೆಲಿನಿ ಅಂತ ಪಟ್ಟಿ ಕೊಡಬೇಡಿ, ಪಟ್ಟಿ ನನ್ನ ಹತ್ರನೂ ಇದೆ. ಒಂದು ಸಿನಿಮಾ ಹೇಳಿ, ಯಾಕೆ ಅಂತಾನೂ ಹೇಳಿ.

ರೀಲುಡಬ್ಬಿ
ನಿದ್ದೆ ಬಂದದ್ದಕ್ಕೆ ಸಂಕೋಚ ಬೇಡ. ಚಿತ್ರೋತ್ಸವಗಳಲ್ಲಿ ಗೊರಕೆ ಹೊಡೆದವರೇ ಹೊರಗೆ ಬಂದು 'ಅದ್ಭುತ' ಅಂದದ್ದನ್ನು ಕೇಳಿದ್ದೇನೆ.

ನನ್ನ ಸಲಹೆ ಇಷ್ಟೇ. 'ಇದರ ಅರ್ಥವೇನು' ಎಂದು ಹುಡುಕುವುದನ್ನು ಸ್ವಲ್ಪ ಹೊತ್ತು ಬದಿಗಿಡಿ. ತೆರೆಯ ಮೇಲಿನ ಮನುಷ್ಯ ಈಗ ಯಾವ ಕೆಲಸದಲ್ಲಿದ್ದಾನೆ, ಅದು ಮುಗಿಯುತ್ತದೋ ಇಲ್ಲವೋ, ಅದನ್ನಷ್ಟೇ ನೋಡಿ. ನಾವು 'ನಿಧಾನ' ಎಂದು ದೂರುವ ಎಷ್ಟೋ ಯುರೋಪಿಯನ್ ಸಿನಿಮಾಗಳು ಅಸಲಿಗೆ ಒಂದು ಕೆಲಸಕ್ಕೆ ಹಿಡಿಯುವಷ್ಟು ಹೊತ್ತನ್ನು ಆ ಕೆಲಸಕ್ಕೇ ಕೊಡುತ್ತವೆ. ಬೇರೆಯವರು ಕತ್ತರಿ ಹಾಕುವ ಜಾಗದಲ್ಲಿ ಇವರು ಹಾಕುವುದಿಲ್ಲ.

ಹಾಗಾಗಿ ಒಂದೇ ಸಿನಿಮಾ ಎಂದರೆ ರಾಬರ್ಟ್ ಬ್ರೆಸ್ಸಾನ್ ಅವರ 'ಎ ಮ್ಯಾನ್ ಎಸ್ಕೇಪ್ಡ್' (1956). ಲಿಯಾನ್ ನಗರದ ಮೋಂಟ್‌ಲುಕ್ ಜೈಲು, 1943, ಜರ್ಮನ್ನರ ಆಡಳಿತ. ಫೋಂಟೇನ್ ಎಂಬ ಕೈದಿಗೆ ಮರಣದಂಡನೆ ಕಾದಿದೆ. ಅವನ ಕೋಣೆಯ ಬಾಗಿಲು ಓಕ್ ಹಲಗೆಗಳದ್ದು, ಆದರೆ ಹಲಗೆಗಳ ನಡುವಿನ ಪಟ್ಟಿ ಮೆತ್ತನೆ ಮರದ್ದು. ಕಬ್ಬಿಣದ ಚಮಚವೊಂದನ್ನು ಎತ್ತಿಟ್ಟುಕೊಂಡು ನೆಲಕ್ಕೆ ಮಸೆದು ಉಳಿ ಮಾಡಿಕೊಳ್ಳುತ್ತಾನೆ. ಆ ಪಟ್ಟಿಯನ್ನು ದಿನಕ್ಕಿಷ್ಟು ಎಂದು ಕೆರೆಯುತ್ತಾನೆ. ಬಿದ್ದ ಸಿಪ್ಪೆಯನ್ನು ಬಾಚಿ ಅಡಗಿಸಬೇಕು, ಕೆರೆದ ಜಾಗ ಕಾಣದಂತೆ ಮುಚ್ಚಬೇಕು, ಕಾವಲುಗಾರನ ಹೆಜ್ಜೆ ಕೇಳಿದೊಡನೆ ನಿಲ್ಲಿಸಬೇಕು. ಮಂಚದ ತಂತಿ ಬಿಚ್ಚಿ, ಹಾಸಿಗೆಬಟ್ಟೆ ಹರಿದು ಹೊಸೆದು ಹಗ್ಗ. ದೀಪದ ಚೌಕಟ್ಟು ಬಗ್ಗಿಸಿ ಕೊಕ್ಕೆ. ಸಿನಿಮಾದ ಬಹುಭಾಗ ಇದೇ. ಆಂದ್ರೆ ದವಿನ್ಯಿ ಎಂಬ ಪ್ರತಿರೋಧ ಚಳವಳಿಯ ಸೈನಿಕ ನಿಜಕ್ಕೂ ಹೀಗೆ ತಪ್ಪಿಸಿಕೊಂಡಿದ್ದ, ಅವನ ಬರಹವೇ ಆಧಾರ. ಬ್ರೆಸ್ಸಾನ್ ಕೂಡ ಯುದ್ಧಕೈದಿಯಾಗಿದ್ದವರು.

ಸುಮಾರು ನೂರು ನಿಮಿಷ, ಅಷ್ಟೇ. ನಿದ್ದೆ ಬಂದರೆ ಬಂದು ಹೇಳಿ.

ಇಂಟರ್‌ವಲ್ ಬೋಂಡಾ
ಸರ್, ಹೆಸರಲ್ಲೇ 'ತಪ್ಪಿಸಿಕೊಂಡ' ಅಂತ ಹೇಳಿಬಿಟ್ರೆ ಇನ್ನೇನು ಉಳೀತು? ಟ್ರೇಲರ್ ನೋಡಿದೆ, ಹೀರೋ ಮುಖದಲ್ಲಿ ಏನೂ ಭಾವನೆನೇ ಇಲ್ಲ. ನಟನೆ ಬರದೇ ಇರೋರನ್ನ ಹಾಕಿದಾರಾ?

ರೀಲುಡಬ್ಬಿ
ಹೌದು, ಬೇಕೆಂದೇ ಹಾಕಿದ್ದಾರೆ. ಫೋಂಟೇನ್ ಆಗಿರುವ ಫ್ರಾನ್ಸ್ವಾ ಲೆತೆರಿಯೆ ಅದಕ್ಕೆ ಮೊದಲು ನಟನಲ್ಲ. ಬ್ರೆಸ್ಸಾನ್ ತಮ್ಮವರನ್ನು ನಟರೆಂದು ಕರೆಯುತ್ತಲೇ ಇರಲಿಲ್ಲ, 'ಮಾಡೆಲ್' ಎನ್ನುತ್ತಿದ್ದರು. ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿಸಿ, 'ಅಭಿನಯಿಸಬೇಕು' ಎಂಬ ಆಸೆಯೇ ಸೋರಿಹೋಗುವ ತನಕ ಬಿಡುತ್ತಿರಲಿಲ್ಲ. ಮುಖ ಸುಮ್ಮನಾದಾಗ ನಿಮ್ಮ ಕಣ್ಣು ತಾನಾಗಿ ಕೈಗೆ ಇಳಿಯುತ್ತದೆ, ಕಿವಿ ಬಾಗಿಲಿನಾಚೆಗೆ ಹೋಗುತ್ತದೆ. ಮೊದಲ ದೃಶ್ಯವನ್ನೇ ನೋಡಿ: ಕಾರಿನಲ್ಲಿ ಕೂತವನ ಕೈ ಬಾಗಿಲಿನ ಹಿಡಿಯ ಕಡೆ ಹೋಗುತ್ತದೆ, ಹಿಂದೆ ಬರುತ್ತದೆ. ಕಾರು ನಿಧಾನವಾದಾಗ ಹಾರುತ್ತಾನೆ. ಕ್ಯಾಮೆರಾ ಅವನ ಹಿಂದೆ ಓಡುವುದಿಲ್ಲ, ಕಾರಿನಲ್ಲೇ ಕೂತಿರುತ್ತದೆ. ಹೊರಗಿನ ಸದ್ದು ಕೇಳುತ್ತೇವೆ, ಅವನನ್ನು ಹಿಡಿದು ತಂದು ಮತ್ತೆ ಅದೇ ಸೀಟಿಗೆ ಕೂರಿಸುತ್ತಾರೆ.

ಅಂತ್ಯದ ಮಾತು: ತಪ್ಪಿಸಿಕೊಳ್ಳುತ್ತಾನೆ ಎಂದು ಮೊದಲೇ ಗೊತ್ತಾದ್ದರಿಂದಲೇ 'ಹೇಗೆ' ಎನ್ನುವುದಕ್ಕೆ ಇಡೀ ಮನಸ್ಸು ಕೊಡಬಹುದು. ಕೊನೆಯ ರಾತ್ರಿ ಕತ್ತಲಲ್ಲಿ ಒಂದು ಕಿರುಗುಟ್ಟುವ ಸದ್ದು ಬರುತ್ತದೆ. ಅದು ಯಾವುದರದ್ದು ಎಂದು ಹೇಳುವುದಿಲ್ಲ.

ಕೊಡಚಾದ್ರಿ ಮಂಜು
ಇಂಥ ಸಿನಿಮಾ ನೋಡಲು ವಿಶೇಷ ತಯಾರಿ ಬೇಕು ಅನ್ನುವ ಮಾತು ಬಂದಾಗಲೆಲ್ಲ ನನಗೆ ಹೆಗ್ಗೋಡು ನೆನಪಾಗುತ್ತದೆ. ಕೆ.ವಿ. ಸುಬ್ಬಣ್ಣ 1973ರಲ್ಲಿ ನೀನಾಸಮ್ ಚಿತ್ರಸಮಾಜ ಶುರು ಮಾಡಿದರು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಮೇಷ್ಟ್ರು ಸತೀಶ್ ಬಹಾದೂರ್, ಫಿಲ್ಮ್ ಆರ್ಕೈವ್‌ನ ಪಿ.ಕೆ. ನಾಯರ್ ಸಿನಿಮಾ ಡಬ್ಬಿಗಳೊಂದಿಗೆ ಸಾಗರ ತಾಲ್ಲೂಕಿನ ಆ ಹಳ್ಳಿಗೆ ಬಂದು ರಸಗ್ರಹಣ ಶಿಬಿರ ನಡೆಸಿದರು. ಅಡಿಕೆ ತೋಟದವರು, ಮೇಷ್ಟ್ರುಗಳು, ಕೂಲಿ ಮಾಡುವವರು ಕೂತು ಇಟಲಿಯ ನಿರ್ದೇಶಕ ಡಿ ಸಿಕಾನ 'ಬೈಸಿಕಲ್ ಥೀವ್ಸ್' (1948) ನೋಡಿದರು, 'ಪಥೇರ್ ಪಾಂಚಾಲಿ' ನೋಡಿದರು. ಸತ್ಯಜಿತ್ ರೇ 1950ರಲ್ಲಿ ಲಂಡನ್ನಿನಲ್ಲಿ 'ಬೈಸಿಕಲ್ ಥೀವ್ಸ್' ನೋಡಿಯೇ ಧೈರ್ಯ ತಂದುಕೊಂಡದ್ದು, ಹಾಗಾಗಿ ಎರಡನ್ನೂ ಒಟ್ಟಿಗೆ ನೋಡುವುದು ಸರಿಯಾದ ಕ್ರಮವೇ.

ನಮ್ಮಪ್ಪ ಆ ಪ್ರೇಕ್ಷಕರಲ್ಲೊಬ್ಬರು. ಇಂಗ್ಲಿಷ್ ಸಬ್‌ಟೈಟಲ್ ಓದಲು ಬರುತ್ತಿರಲಿಲ್ಲ. ಅವರು ಆ ಸಿನಿಮಾ ಬಗ್ಗೆ ಹೇಳುತ್ತಿದ್ದದ್ದು ಸೈಕಲ್ ಕಳೆದದ್ದನ್ನಲ್ಲ, ಅಳುವ ಹುಡುಗನನ್ನಲ್ಲ. ಅಡವಿನಂಗಡಿಯನ್ನು. ಕೆಲಸಕ್ಕೆ ಬೇಕಾದ, ಅಡ ಇಟ್ಟಿರುವ ಸೈಕಲ್ ಬಿಡಿಸಿಕೊಳ್ಳಲು ನಾಯಕನ ಹೆಂಡತಿ ಮರಿಯಾ ಮಂಚದ ಹಾಸುಬಟ್ಟೆಗಳನ್ನೇ ಕಿತ್ತು ಒಯ್ದು ಅಡ ಇಡುತ್ತಾಳೆ. ಅಂಗಡಿಯವನು ಆ ಗಂಟನ್ನು ಎತ್ತಿಕೊಂಡು ಕಪಾಟು ಹತ್ತುತ್ತಾನೆ, ಇನ್ನೂ ಮೇಲೆ ಹತ್ತುತ್ತಾನೆ, ಅಲ್ಲಿ ಛಾವಣಿಯವರೆಗೂ ಊರಿನವರ ಹಾಸಿಗೆಬಟ್ಟೆಗಳೇ. "ರೋಮ್ ಪಟ್ಟಣದಾಗೂ ಹಿಂಗೇ ಮಾರಾಯ" ಅನ್ನುತ್ತಿದ್ದರು.

@ಇಂಟರ್‌ವಲ್ ಬೋಂಡಾ, ಮೇಣದಬತ್ತಿಯ ದೃಶ್ಯ ನನಗಂತೂ ಗಾಳಿಗೆ ಕೈ ಅಡ್ಡ ಹಿಡಿದು ತುಳಸಿಕಟ್ಟೆಗೆ ದೀಪ ಒಯ್ಯುವ ಹಾಗೇ ಕಂಡಿತು. ಬೇಸರ ಬರಲಿಲ್ಲ.

ರೀಲುಡಬ್ಬಿ
ಮಂಜು ಅವರೇ, ಅಡವಿನಂಗಡಿಯ ವಿಷಯಕ್ಕೆ ನನ್ನ ನಮಸ್ಕಾರ. ತುಳಸಿಕಟ್ಟೆ ಮಾತ್ರ ಒಪ್ಪಲಾರೆ. ಮೇಣದಬತ್ತಿ ಹಿಡಿದ ಗೊರ್ಚಕೋವ್ ಒಬ್ಬ ರಷ್ಯನ್, ಇಟಲಿಯಲ್ಲಿ ಊರಿನ ಹಂಬಲ ಹತ್ತಿ ಬೇಯುತ್ತಿರುವವನು. ಕೊಳ ಬಾನ್ಯೋ ವಿನ್ಯೋನಿಯ ಬಿಸಿನೀರಿನ ಬುಗ್ಗೆಯದ್ದು. ಊರವರು ಹುಚ್ಚ ಎನ್ನುವ ದೊಮೆನಿಕೋ ಎಂಬವನಿಗೆ ಮಾತು ಕೊಟ್ಟಿದ್ದಾನೆ, ಅವನಿಗೆ ಬಿಡದ ಕೆಲಸವನ್ನು ತಾನು ಮಾಡುತ್ತೇನೆ ಎಂದು. ಅದರಿಂದ ಯಾರಿಗೆ ಏನು ಉಪಯೋಗ ಎಂದು ಅವನಿಗೂ ಗೊತ್ತಿಲ್ಲ. ದಿನನಿತ್ಯದ ಪೂಜೆಗಿರುವ ನೆಮ್ಮದಿ ಅಲ್ಲಿಲ್ಲ. ಈ ಸಿನಿಮಾ ಮಾಡಿದ ಮರುವರ್ಷವೇ ತಾರ್ಕೊವ್‌ಸ್ಕಿ ತಾನು ಸೋವಿಯತ್ ಒಕ್ಕೂಟಕ್ಕೆ ಮರಳುವುದಿಲ್ಲವೆಂದು ಮಿಲಾನ್‌ನಲ್ಲಿ ಘೋಷಿಸಿದರು, 1986ರ ಡಿಸೆಂಬರಿನಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡರು. ಇದನ್ನು ಬಿಟ್ಟು ಆ ನಡಿಗೆಯನ್ನು ನೋಡಲು ನನಗಾಗದು.

ಬೋಂಡಾ ಅವರಿಗೆ: ಆ ದೃಶ್ಯವನ್ನೂ ಕೆಲಸವೆಂದೇ ನೋಡಿ. ಮೂರನೇ ಸಲ ಹೊರಟಾಗ ನೀವೂ ಉಸಿರು ಹಿಡಿದಿರಲಿಲ್ಲವೇ, ನಿಜ ಹೇಳಿ.

ಸಂಜೆ ಷಿಫ್ಟ್
ಕೆಲಸದ ಮಾತು ಬಂತಲ್ಲ, ಕೆಲಸ ಮಾಡಿದವನ ಮಾತೂ ಬರಲಿ. 'ಬೈಸಿಕಲ್ ಥೀವ್ಸ್'ನ ನಾಯಕ ಆಂಟೋನಿಯೋ ಆದವನು ಲಂಬೆರ್ತೊ ಮಜ್ಜೊರಾನಿ, ಬ್ರೆಡಾ ಕಾರ್ಖಾನೆಯ ಕಾರ್ಮಿಕ. ಅಮೆರಿಕದ ನಿರ್ಮಾಪಕ ಸೆಲ್ಜ್‌ನಿಕ್ ದುಡ್ಡು ಹಾಕಲು ತಯಾರಿದ್ದ, ಕ್ಯಾರಿ ಗ್ರಾಂಟ್ ಹೀರೋ ಆದರೆ ಮಾತ್ರ. ಡಿ ಸಿಕಾ ಒಪ್ಪದೆ ಈ ಕಾರ್ಮಿಕನನ್ನು ಹಾಕಿಕೊಂಡ. ಇಲ್ಲಿಯವರೆಗೆ ಎಲ್ಲರೂ ಚಪ್ಪಾಳೆ ಹೊಡೀತೀವಿ.

ಸಿನಿಮಾ ಮುಗಿಸಿ ಆತ ಕಾರ್ಖಾನೆಗೆ ವಾಪಸ್ ಹೋದ. ಕೆಲಸಗಾರರನ್ನ ಕಡಿಮೆ ಮಾಡೋ ಹೊತ್ತಿಗೆ ಅವನನ್ನೂ ಮನೆಗೆ ಕಳಿಸಿದ್ರು. ಆಮೇಲೆ ಸಣ್ಣಪುಟ್ಟ ಪಾತ್ರ ಹುಡುಕಿಕೊಂಡು ಅಲೆದ. ನಿರುದ್ಯೋಗಿಯ ಪಾತ್ರ ಮಾಡಿದವನು ನಿರುದ್ಯೋಗಿ ಆದ! ಸಿನಿಮಾಕ್ಕೆ ವಿಶೇಷ ಆಸ್ಕರ್ ಬಂತು, 1952ರಲ್ಲಿ 'ಸೈಟ್ ಅಂಡ್ ಸೌಂಡ್' ಪತ್ರಿಕೆಯ ಮೊದಲ ಸಮೀಕ್ಷೆಯಲ್ಲಿ ವಿಮರ್ಶಕರು ಅದನ್ನ ಜಗತ್ತಿನ ನಂಬರ್ ಒನ್ ಅಂದ್ರು. ಇವನಿಗೇನು ಬಂತು?

ಸಿನಿಮಾ ಕೆಟ್ಟದ್ದು ಅಂತಿಲ್ಲ. ಭಿತ್ತಿಪತ್ರ ಅಂಟಿಸೋದನ್ನ ಅವನಿಗೆ ಕಲಿಸಿಕೊಡೋ ದೃಶ್ಯ ಇದೆಯಲ್ಲ, ಅಂಟು ಬಳಿದು ಸುಕ್ಕು ಬಿಡಿಸೋದು, ಹೊಸಬನಿಗೆ ಕೆಲಸ ಕಲಿಸೋ ರೀತಿ ಹಾಗೇನೇ, ನಾನು ಶಾಪ್‌ಫ್ಲೋರಿನಲ್ಲಿ ಕಂಡಿದೀನಿ. ಆದರೆ 'ವೃತ್ತಿನಟರಲ್ಲದವರು' ಅಂತ ಹೊಗಳೋವಾಗ ಅವರಿಗೆ ಬೇರೆ ವೃತ್ತಿ ಇತ್ತು ಅನ್ನೋದನ್ನ ಮರೀಬೇಡಿ.

ಅಡುಗೆಮನೆ ಕಿಟಕಿ
ಇಷ್ಟು ಹೊತ್ತು ಕೈ, ಕೆಲಸ ಅಂತ ಮಾತಾಡಿದ್ದೀರಿ. ಜೈಲಿನ ಬಾಗಿಲು ಕೆರೆಯುವ ಕೈ, ಪೋಸ್ಟರ್ ಅಂಟಿಸುವ ಕೈ. ಮನೆಕೆಲಸ ಮಾಡುವ ಕೈ ಎಲ್ಲಿ?

ಡಿ ಸಿಕಾನಲ್ಲೇ ಇದೆ, ಆದರೆ ಇನ್ನೊಂದು ಸಿನಿಮಾದಲ್ಲಿ. 'ಉಂಬರ್ತೊ ಡಿ.' (1952). ಪಿಂಚಣಿ ಸಾಲದ ಮುದುಕನ ಕತೆ ಅದು, ಮಾಡಿದವರು ಕಾರ್ಲೊ ಬತ್ತಿಸ್ತಿ, ನಿಜಜೀವನದಲ್ಲಿ ಭಾಷಾಶಾಸ್ತ್ರದ ಪ್ರೊಫೆಸರು. ಎಲ್ಲರೂ ಅವರ ಬಗ್ಗೆ, ನಾಯಿಯ ಬಗ್ಗೆ ಬರೆಯುತ್ತಾರೆ. ನನಗೆ ಬೇಕಾದ್ದು ಆ ಮನೆಯ ಕೆಲಸದ ಹುಡುಗಿ. ಬೆಳಗ್ಗೆ ಎದ್ದು ಅಡುಗೆಮನೆಗೆ ಬರುತ್ತಾಳೆ. ಗೋಡೆಗೆ ಬೆಂಕಿಕಡ್ಡಿ ಗೀರುತ್ತಾಳೆ. ಗೋಡೆ ಹತ್ತುವ ಇರುವೆಗಳಿಗೆ ನೀರು ಎರಚುತ್ತಾಳೆ. ಮೇಲೆ ನಡೆದುಹೋಗುವ ಬೆಕ್ಕನ್ನು ನೋಡುತ್ತಾಳೆ. ಕೂತು ಕಾಫಿಬೀಜ ಬೀಸುತ್ತಾಳೆ, ಕೂತಲ್ಲಿಂದಲೇ ಕಾಲು ಚಾಚಿ ಹೆಬ್ಬೆರಳಿನಿಂದ ಬಾಗಿಲು ಮುಚ್ಚಲು ನೋಡುತ್ತಾಳೆ. ಬಸುರಿ, ಮದುವೆಯಾಗಿಲ್ಲ, ಇದಾವುದನ್ನೂ ಆ ದೃಶ್ಯದಲ್ಲಿ ಮಾತಿನಲ್ಲಿ ಹೇಳುವುದಿಲ್ಲ, ಹೊಟ್ಟೆಯ ಮೇಲೆ ಕೈ ಇಟ್ಟು ನೋಡಿಕೊಳ್ಳುತ್ತಾಳೆ, ಕಣ್ಣಲ್ಲಿ ನೀರು, ಬೀಸುವುದು ನಿಲ್ಲುವುದಿಲ್ಲ. ಆಂದ್ರೆ ಬಾಜಾನ್ ಎಂಬ ಫ್ರೆಂಚ್ ವಿಮರ್ಶಕ ಈ ಒಂದು ದೃಶ್ಯವನ್ನು ಹಿಡಿದು ಬರೆದದ್ದು ಇವತ್ತಿಗೂ ಸಿನಿಮಾ ಕಾಲೇಜುಗಳಲ್ಲಿ ಪಾಠ. ಅತ್ತ ಇಟಲಿಯ ಮಂತ್ರಿಮಂಡಲದ ಅಧೀನ ಕಾರ್ಯದರ್ಶಿ ಆಂದ್ರೆಯೊತ್ತಿ, ಡಿ ಸಿಕಾ ದೇಶದ ಮಾನ ಕಳೆಯುತ್ತಿದ್ದಾನೆ ಎಂದು ಬಹಿರಂಗವಾಗಿ ಗದರಿದ. ಹುಡುಗಿ ಕಾಫಿ ಬೀಸಿದರೆ ಸರ್ಕಾರಕ್ಕೆ ಯಾಕೆ ಉರಿಯಬೇಕೋ!

ಡಿ ಸಿಕಾ ಕೆಲವೇ ನಿಮಿಷ ಕೊಟ್ಟದ್ದಕ್ಕೆ ಶಾಂತಾಲ್ ಅಕರ್ಮನ್ ಮೂರು ಗಂಟೆ ಇಪ್ಪತ್ತೊಂದು ನಿಮಿಷ ಕೊಟ್ಟಳು. 'ಜಾನ್ ದೀಲ್ಮನ್', 1975, ಆಗ ಅವಳಿಗೆ ಸುಮಾರು 25. ಬ್ರಸೆಲ್ಸ್‌ನ ಒಂದು ಫ್ಲ್ಯಾಟು, ಒಬ್ಬ ವಿಧವೆ, ಶಾಲೆಗೆ ಹೋಗುವ ಮಗ, ಮೂರು ದಿನ. ಕ್ಯಾಮೆರಾ ಕದಲುವುದೇ ಇಲ್ಲ. ಹಾಸಿಗೆ ಸರಿ ಮಾಡುತ್ತಾಳೆ, ಪಾತ್ರೆ ತೊಳೆಯುತ್ತಾಳೆ (ನಮಗೆ ಬೆನ್ನು ಮಾತ್ರ ಕಾಣುತ್ತದೆ), ಮಾಂಸವನ್ನು ಹಿಟ್ಟು, ಮೊಟ್ಟೆ, ರೊಟ್ಟಿಪುಡಿಯಲ್ಲಿ ಹೊರಳಿಸುತ್ತಾಳೆ. ಮಧ್ಯಾಹ್ನ ಗಂಡಸರು ಬರುತ್ತಾರೆ, ಮೈ ಮಾರುತ್ತಾಳೆ, ದುಡ್ಡು ಊಟದ ಮೇಜಿನ ಮೇಲಿನ ಪಿಂಗಾಣಿ ಬಟ್ಟಲಿಗೆ ಹೋಗುತ್ತದೆ. ಎರಡನೇ ದಿನ ಆಲೂಗಡ್ಡೆ ಹೆಚ್ಚು ಬೆಂದುಹೋಗುತ್ತದೆ. ಅಷ್ಟೇ ಆಗುವುದು, ಆದರೆ ಅಷ್ಟು ಹೊತ್ತು ಅವಳ ಶಿಸ್ತನ್ನು ನೋಡಿದವರಿಗೆ ಅದು ಭೂಕಂಪ. ಪಾತ್ರೆ ಹಿಡಿದು ಎಲ್ಲಿಡಬೇಕೆಂದು ತಿಳಿಯದೆ ಕೋಣೆಯಿಂದ ಕೋಣೆಗೆ ಓಡಾಡುತ್ತಾಳೆ. 2022ರಲ್ಲಿ ಅದೇ 'ಸೈಟ್ ಅಂಡ್ ಸೌಂಡ್' ಸಮೀಕ್ಷೆಯಲ್ಲಿ ಇದಕ್ಕೆ ಮೊದಲ ಸ್ಥಾನ. ಗಂಡಸರ ಎದೆ ಎಷ್ಟು ಉರಿಯಿತೆಂದು ಆಗ ಈ ವೇದಿಕೆಯಲ್ಲೇ ನೋಡಿದ್ದೇನೆ.

ರೀಲುಡಬ್ಬಿ
ಎದೆ ಉರಿದವರಲ್ಲಿ ನಾನೂ ಇದ್ದೇನೆ, ಈಗಲೂ ಉರಿಯುತ್ತದೆ. ದೊಡ್ಡ ಸಿನಿಮಾ, ನಿಜ. ಆದರೆ ಹೊಸಬರಿಗೆ ಅದನ್ನು ಮೊದಲು ತೋರಿಸಬೇಡಿ. ಆ ಕೊನೆಯ ಇಪ್ಪತ್ತು ನಿಮಿಷಗಳು ನನಗಿನ್ನೂ ಅರಗಿಲ್ಲ, ಅಲ್ಲಿಯವರೆಗೆ ಆಲೂಗಡ್ಡೆಯಲ್ಲೇ ಎಲ್ಲ ಹೇಳಿದವರು ಅಷ್ಟು ದೂರ ಹೋಗಬೇಕಿತ್ತೇ ಅನಿಸುತ್ತದೆ.

ಅಡುಗೆಮನೆ ಕಿಟಕಿ
ಹೋಗಬೇಕಿತ್ತು. ಮೊದಲು ತೋರಿಸಬೇಡಿ ಅನ್ನುವುದನ್ನು ಮಾತ್ರ ಒಪ್ಪುತ್ತೇನೆ. ಬೋಂಡಾ ಅವರು ಮೊದಲು ಆನ್ಯೆಸ್ ವಾರ್ದಾಳ 'ಕ್ಲೆಯೋ ಫ್ರಮ್ 5 ಟು 7' (1962) ನೋಡಲಿ. ಆಸ್ಪತ್ರೆಯ ವರದಿಗೆ ಕಾಯುವ ಹಾಡುಗಾರ್ತಿ ಪ್ಯಾರಿಸ್ಸಿನ ಬೀದಿಗಳಲ್ಲಿ ನಡೆಯುತ್ತಾಳೆ, ಒಂದೂವರೆ ಗಂಟೆ. ಯಾರಿಗೂ ನಿದ್ದೆ ಬರುವುದಿಲ್ಲ.

ಧಾರವಾಡ ಮಳಿ
ಅಲ್ರೀ, ಎಲ್ಲಾರೂ ಕೂಡಿ ಆ ಹುಡುಗನ್ನ ಇನ್ನಷ್ಟು ಅಂಜಸಾಕತ್ತೀರಿ. ಜೈಲು, ಬಡತನ, ರೋಗ, ಆಲೂಗಡ್ಡಿ. ಯುರೋಪಿನ್ಯಾಗ ನಗೋ ಮಂದಿ ಇರಲಿಲ್ಲೇನು?

ಜಾಕ್ ತಾತಿ ನೋಡ್ರಿ. 'ಮಿಸ್ಟರ್ ಯುಲೋಸ್ ಹಾಲಿಡೇ' (1953) ಹಚ್ಚಿ ಮನ್ಯಾಗಿನ ಹುಡುಗರನ್ನ ಕುಂದರಸ್ರಿ. ಮಾತು ಭಾಳ ಕಡಿಮಿ, ಓದೂ ತ್ರಾಸ ಇಲ್ಲ. ಊಟದ ಹಾಲಿನ ಬಾಗಲಾ ಒಂದು ಸಪ್ಪಳಾ ಮಾಡತದ, ಆ ಸಪ್ಪಳಕ್ಕ ನಗಲಿಲ್ಲಂದ್ರ ಡಾಕ್ಟರ್ ಕಡೆ ಹೋಗ್ರಿ. ಆಮ್ಯಾಲ 'ಪ್ಲೇಟೈಮ್' (1967). ಆ ಮನಷಾ ಪ್ಯಾರಿಸ್ ಹೊರಗ ಗಾಜಿನ ಒಂದು ಊರನ್ನ ಕಟ್ಟಿಸಿದ, 70 ಎಂ.ಎಂ. ಫಿಲ್ಮಿನ್ಯಾಗ ತಗದ, ದಿವಾಳಿ ಆದ, ತನ್ನ ಹಳೀ ಸಿನಿಮಾಗಳ ಹಕ್ಕೂ ಕಳಕೊಂಡ. ಅದರಾಗ ಹೊಸಾ ಹೋಟೆಲ್ ಶುರು ಆಗೋ ರಾತ್ರಿ ಅದ. ಗಾಜಿನ ಬಾಗಲಾ ಒಡದು ಪುಡಿಪುಡಿ. ಬಾಗಲಾ ಕಾಯಾಂವ ಏನು ಮಾಡತಾನ ಗೊತ್ತೇನು? ಹಿತ್ತಾಳಿ ಹಿಡಿಕಿ ಒಂದ ಕೈಯಾಗ ಹಿಡಕೊಂಡು ಇಲ್ಲದ ಬಾಗಲಾ ತಗದು ಮುಚ್ಚಿ ಮಾಡತಾನ, ಬಂದವರು ಬಕ್ಷೀಸೂ ಕೊಡತಾರ! ನಿಮಗ ಕೈ ಬೇಕು, ಕೆಲಸಾ ಬೇಕು ಅಂದ್ರಲ್ಲ, ಇದಕಿಂತ ಛಲೋ ಕೆಲಸಾ ತೋರಸ್ರಿ ನೋಡೂಣು.

ಹಳೇ ಪ್ರೊಜೆಕ್ಟರ್
ನೋಡುವ ಮುಂಚೆ ಟಿವಿ ಸರಿ ಮಾಡಿಕೊಳ್ಳಿ. ಚಲನೆಯನ್ನು ನುಣುಪು ಮಾಡುವ 'ಮೋಷನ್ ಸ್ಮೂದಿಂಗ್' ಎಂಬ ಸೆಟ್ಟಿಂಗ್ ಆಫ್ ಮಾಡಿ, ಇಲ್ಲವಾದರೆ 1948ರ ರೋಮ್ ಕೂಡ ನಿನ್ನೆಯ ಧಾರಾವಾಹಿ ತರಹ ಜಾರುತ್ತದೆ. ಹಳೆಯ ಚೌಕಟ್ಟು ಹೆಚ್ಚುಕಡಿಮೆ ಚೌಕ, ಎರಡೂ ಬದಿ ಕಪ್ಪು ಪಟ್ಟಿ ಇರಲೇಬೇಕು. ಹಿಗ್ಗಿಸಿದರೆ ಎಲ್ಲರೂ ಕುಳ್ಳರಾಗುತ್ತಾರೆ. ಬ್ರೆಸ್ಸಾನ್ ಸಿನಿಮಾ ನೋಡುವಾಗ ಹೆಡ್‌ಫೋನ್ ಹಾಕಿಕೊಳ್ಳಿ.

ಇಟಾಲಿಯನ್ ಸಿನಿಮಾಗಳಲ್ಲಿ ತುಟಿಗೂ ಮಾತಿಗೂ ಹೊಂದಾಣಿಕೆ ಇಲ್ಲದಿದ್ದರೆ ಫೈಲು ಕೆಟ್ಟಿದೆ ಎಂದುಕೊಳ್ಳಬೇಡಿ. ಅಲ್ಲಿ ಆಗ ಮಾತನ್ನೆಲ್ಲ ಆಮೇಲೆ ಸೇರಿಸುತ್ತಿದ್ದರು. ಫೆಲಿನಿ ಸೆಟ್ಟಿನಲ್ಲಿ ಎಷ್ಟೋ ಸಲ ಕಲಾವಿದರಿಗೆ ಬರೀ ಅಂಕಿ ಎಣಿಸಲು ಹೇಳುತ್ತಿದ್ದರಂತೆ, ಸಂಭಾಷಣೆ ನಂತರ.

ಕೊಡಚಾದ್ರಿ ಮಂಜು
ತುಳಸಿಕಟ್ಟೆ ವಾಪಸ್ ತಗೊಳ್ಳುವುದಿಲ್ಲ, ಇರಲಿ.

ಬೋಂಡಾ ಅವರು ತಾರ್ಕೊವ್‌ಸ್ಕಿಯನ್ನು ಪೂರ್ತಿ ಕೈಬಿಡುವ ಮುಂಚೆ 'ಆಂದ್ರೆ ರುಬ್ಲ್ಯೋವ್' (1966) ಸಿನಿಮಾದ ಕೊನೆಯ ಅಧ್ಯಾಯವನ್ನಾದರೂ ನೋಡಲಿ. ಇಸವಿ 1423. ರಾಜನಿಗೆ ದೊಡ್ಡ ಗಂಟೆ ಬೇಕು, ಎರಕ ಹೊಯ್ಯುವವರೆಲ್ಲ ಪ್ಲೇಗಿಗೆ ಸತ್ತಿದ್ದಾರೆ. ಬೊರಿಸ್ಕಾ ಎಂಬ ಹುಡುಗ 'ಅಪ್ಪ ಸಾಯುವಾಗ ನನಗೆ ಗುಟ್ಟು ಹೇಳಿಹೋದ' ಎನ್ನುತ್ತಾನೆ. ಮಣ್ಣು ಸರಿಯಿಲ್ಲ ಎಂದು ಅಲೆದು ಅಲೆದು, ಮಳೆಯಲ್ಲಿ ಜಾರಿಬಿದ್ದ ಕಡೆ ಬೇಕಾದ ಜೇಡಿ ಸಿಗುತ್ತದೆ. ಗುಂಡಿ, ಅಚ್ಚು, ಕುಲುಮೆ, ಕರಗಿದ ಲೋಹ ಹರಿಯುವುದು, ಆಮೇಲೆ ಹಗ್ಗ ಕಟ್ಟಿ ಎತ್ತುವುದು. ಗಂಟೆ ಮೊಳಗದಿದ್ದರೆ ಹುಡುಗನ ತಲೆ ಹೋಗುತ್ತದೆ. ತಾರ್ಕೊವ್‌ಸ್ಕಿಗೆ ಗಡಿಬಿಡಿಯ ಕತೆ ಹೇಳಲು ಬರುವುದಿಲ್ಲ ಎನ್ನುವವರು ಇದನ್ನು ನೋಡಿಲ್ಲ.

ಸಂಜೆ ಷಿಫ್ಟ್
ಅದೇ ಸಿನಿಮಾದಲ್ಲಿ ಕಸಾಯಿಖಾನೆಯಿಂದ ತಂದ ಕುದುರೆಯನ್ನ ಮೆಟ್ಟಿಲಿಂದ ಕೆಡವಿದ್ದೂ ಇದೆ. ನೋಡೋರು ತಿಳ್ಕೊಂಡು ನೋಡಿ. ಗಂಟೆ ಅಧ್ಯಾಯಕ್ಕೆ ನನ್ನದೂ ಒಂದು ಓಟು, ಕುದುರೆಗೆ ಕ್ಷಮೆ ಇಲ್ಲ.

ಇಂಟರ್‌ವಲ್ ಬೋಂಡಾ
'ಎ ಮ್ಯಾನ್ ಎಸ್ಕೇಪ್ಡ್' ನೋಡಿದೆ. ಹೆಡ್‌ಫೋನ್ ಹಾಕಿ, ಸೆಟ್ಟಿಂಗ್ ಆಫ್ ಮಾಡಿ. ನಿದ್ದೆ ಬರಲಿಲ್ಲ. ಚಮಚ ಮುರಿದಾಗ 'ಅಯ್ಯೋ' ಅಂತ ಜೋರಾಗೇ ಕೂಗಿಬಿಟ್ಟೆ, ಪಕ್ಕದ ರೂಮಿನಿಂದ ರೂಂಮೇಟ್ ಎದ್ದು ಬಂದು ಕೊನೇವರೆಗೂ ನಿಂತೇ ನೋಡಿದ. ಕಿರುಗುಟ್ಟೋ ಸದ್ದು ಯಾವುದು ಅಂತ ಗೊತ್ತಾದಾಗ ಇಬ್ಬರೂ ನಕ್ಕುಬಿಟ್ವಿ, ಭಯದಲ್ಲೇ.

ಒಂದು ತಕರಾರು ಮಾತ್ರ ಇದೆ. ಕೈದಿಗಳು ಸಾಲಾಗಿ ಹೋಗಿ ಬಕೆಟ್ ಚೆಲ್ಲೋವಾಗೆಲ್ಲ ಹಿಂದಿನಿಂದ ಮೊಜಾರ್ಟ್ ಬರತ್ತಲ್ಲ, ಅದು ಯಾಕೆ? ಅಷ್ಟು ಹೊತ್ತು ಬರೀ ಕೀಲಿಕೈ, ಹೆಜ್ಜೆ, ರೈಲಿನ ಸದ್ದಲ್ಲೇ ನಂಬಿಸಿದವರು ಅಲ್ಲಿ ನನ್ನ ಕೈ ಹಿಡ್ಕೊಂಡು 'ಇದು ಪವಿತ್ರ, ಗಮನಿಸು' ಅಂತ ಹೇಳಿದ ಹಾಗಾಯ್ತು.

ರೀಲುಡಬ್ಬಿ
ಒಳ್ಳೆಯ ತಕರಾರು. ಅದು ಸಿ ಮೈನರ್ ಮಾಸ್‌ನ ಭಾಗ, ಮಲದ ಬಕೆಟ್ಟುಗಳ ಮೇಲೆ ಪ್ರಾರ್ಥನೆಯ ಸಂಗೀತ ಹಾಕುವ ಧೈರ್ಯ ನನಗೆ ಇಷ್ಟ. ಆದರೆ ಬ್ರೆಸ್ಸಾನ್ ಆಮೇಲೆ ನಿಮ್ಮ ಪಕ್ಷಕ್ಕೇ ಬಂದರು. ಮುಂದಿನ ವರ್ಷಗಳಲ್ಲಿ ಹಿನ್ನೆಲೆ ಸಂಗೀತವನ್ನು ಕಡಿಮೆ ಮಾಡುತ್ತಾ ಹೋಗಿ, 'ಲಾರ್ಜಾನ್' (1983) ಹೊತ್ತಿಗೆ ಪಾತ್ರವೊಂದು ಪಿಯಾನೋ ಮುಂದೆ ಕೂತು ಬಾಖ್ ನುಡಿಸಿದರೆ ಮಾತ್ರ ಸಂಗೀತ, ಇಲ್ಲದಿದ್ದರೆ ಇಲ್ಲ. ಟಾಲ್‌ಸ್ಟಾಯ್ ಕತೆಯಿಂದ ತೆಗೆದದ್ದು, 500 ಫ್ರಾಂಕಿನ ಒಂದು ಖೋಟಾ ನೋಟು ಕೈಯಿಂದ ಕೈಗೆ ದಾಟುತ್ತಾ ಒಬ್ಬ ಡ್ರೈವರನ ಬದುಕನ್ನು ಎಲ್ಲಿಗೆ ಮುಟ್ಟಿಸುತ್ತದೆ ಎನ್ನುವುದು. ಒಂದೂವರೆ ಗಂಟೆಯೊಳಗೆ ಮುಗಿಯುತ್ತದೆ.

ಅಂದಹಾಗೆ 1983ರ ಕಾನ್ ಚಿತ್ರೋತ್ಸವದಲ್ಲಿ ಒಂದು ವಿಶೇಷ ಪ್ರಶಸ್ತಿಯನ್ನು ಇಬ್ಬರಿಗೆ ಹಂಚಿದರು, ಕೊಟ್ಟವರು ಅಮೆರಿಕದ ನಿರ್ದೇಶಕ ಆರ್ಸನ್ ವೆಲ್ಸ್. ಒಬ್ಬರು ಬ್ರೆಸ್ಸಾನ್, 'ಲಾರ್ಜಾನ್'ಗೆ. ಇನ್ನೊಬ್ಬರು ತಾರ್ಕೊವ್‌ಸ್ಕಿ, ನಿಮ್ಮ ಮೇಣದಬತ್ತಿಗೆ.

ಇಂಟರ್‌ವಲ್ ಬೋಂಡಾ
ಹಾಗಾದ್ರೆ 'ಲಾರ್ಜಾನ್' ಮೊದಲು. ತಾತಿ ಆಮೇಲೆ, ರೂಂಮೇಟ್ ಜೊತೆ. ಆಲೂಗಡ್ಡೆ ಸಿನಿಮಾಕ್ಕೆ ರಜಾ ದಿನ ಬೇಕು, ಯುಗಾದಿಗೆ ಇಟ್ಕೋತೀನಿ.